ಮನೆಯ ಲೇತಿಗೆ (ಲೋಹ ಕಡೆಯುವ ಮೆಷಿನ್ನಿಗೆ) ಬೇಕಾದ ಟೂಲು, ರಾಡುಗಳನ್ನು ಬೇರೆ ಊರಿನ ಹವ್ಯಾಸಿಗಳ ಜೊತೆ ಅಂಚೆಯಲ್ಲಿ ಅದಲು ಬದಲು ಮಾಡುವಾಗ ಬೆಲೆ ಸರಿದೂಗಿಸುವುದು ಹೇಗೆ?

ಬೆಲೆ ಸರಿದೂಗಲೇಬೇಕು ಅಂತಿದ್ದರೆ ಅದಲು ಬದಲು ಬೇಡ, ಮಾರಿಬಿಡಿ. ಒರಟಾಗಿ ಹೇಳುತ್ತಿದ್ದೇನೆ ಅನಿಸಬಹುದು, ಆದರೆ ಶುರುವಿನಲ್ಲಿ ನಾನೂ ನಿಮ್ಮ ಹಾಗೇ ಯೋಚಿಸಿ ಲೆಕ್ಕಕ್ಕೆ ನೋಟ್‌ಬುಕ್ ಇಟ್ಟಿದ್ದೆ. ಕಳಿಸಿದ್ದು ಎಷ್ಟರದು, ಬಂದದ್ದು ಎಷ್ಟರದು, ಯಾರು ಯಾರಿಗೆ ಬಾಕಿ. ಆ ನೋಟ್‌ಬುಕ್ಕಿನಿಂದ ಯಾರಿಗೂ ಮೂರು ಕಾಸಿನ ಉಪಯೋಗ ಆಗಲಿಲ್ಲ. ನನಗೆ ಪೆಟ್ಟು ಬಿದ್ದಿದ್ದು 8 ಎಂಎಂ ರಾಡಿಗೆ ಅಂಟಿಸಿದ ಒಂದು ಚೀಟಿಯಿಂದ.

ನನ್ನ ಲೇತ್ ಇರೋದು ರಾಜಾಜಿನಗರದಲ್ಲಿ, ಮನೆಯ ಕಾರ್ ಶೆಡ್ಡಿನ ಮೂಲೆಯಲ್ಲಿ. ಎಸ್‌ಜೆಪಿ ರೋಡು, ಪೀಣ್ಯ ಸುತ್ತಿದರೆ ಬೆಂಗಳೂರಿನಲ್ಲಿ ಬೇಕಾದ ಸ್ಟೀಲ್ ಸಿಗುತ್ತದೆ. ಆದರೆ ಒಂದು ಗೇಣು ಸಾಕು ಅಂದರೆ ಅಂಗಡಿಯವರು ಮುಖ ನೋಡುತ್ತಾರೆ. ಇಡೀ ರಾಡ್ ತರುತ್ತೇವೆ, ಉಳಿದದ್ದು ಬೆಂಚಿನ ಕೆಳಗೆ ಹೋಗುತ್ತದೆ. ಹೀಗೆ ಉಳಿದದ್ದನ್ನೇ ನಾನು ಹಂಚುತ್ತಿದ್ದದ್ದು.

ಹುಬ್ಬಳ್ಳಿಯಲ್ಲಿ ಒಬ್ಬರು ಯಜಮಾನರು. ರೈಲ್ವೆ ವರ್ಕ್‌ಶಾಪಿನಿಂದ ರಿಟೈರ್ ಆದವರು, ಮನೆಯಲ್ಲಿ ಪುಟ್ಟ ಸ್ಟೀಮ್ ಇಂಜಿನ್ ಮಾಡುತ್ತಾರೆ. ಅವರಿಗೆ ಸಿಲ್ವರ್ ಸ್ಟೀಲ್ ಬೇಕಿತ್ತು (ಬೆಳ್ಳಿ ಅಲ್ಲ, ಕಾಯಿಸಿ ಅದ್ದಿದರೆ ಗಟ್ಟಿಯಾಗುವ, ಟೂಲ್ ಮಾಡುವ ಸ್ಟೀಲ್), ನನಗೆ ಡಯಲ್ ಗೇಜ್, ಅಂದರೆ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ. ಅವರು ಒಂದು ಮಾತೂ ಕೇಳದೆ ಗೇಜನ್ನು ಮೊದಲೇ ಕಳಿಸಿಬಿಟ್ಟರು. ಮುಳ್ಳು ಪ್ರತಿ ಸಲ ಸರಿಯಾಗಿ ಸೊನ್ನೆಗೇ ವಾಪಸ್ ಬರುವಂಥ ಗೇಜು.

ಇನ್ನು ನಾನು ಮಾಡಿದ ಕೆಲಸ. ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಯಾಕೆಂದರೆ ಇದೇ ತಪ್ಪನ್ನು ಬೇರೆಯವರೂ ಮಾಡುವುದನ್ನು ನೋಡಿದ್ದೇನೆ. ರಾಡಿನ ಒಂದು ತುದಿಗೆ ಬಣ್ಣ ಹಚ್ಚುತ್ತಾರಲ್ವಾ, ಯಾವ ಗ್ರೇಡ್ ಅಂತ ಗೊತ್ತಾಗಲು? ನಾನೂ ಹಚ್ಚಿದ್ದೆ, ಸಿಲ್ವರ್ ಸ್ಟೀಲಿಗೆ ಕೆಂಪು. ಬಣ್ಣ ಇರುವ ತುದಿಯನ್ನು ಯಾವತ್ತೂ ಕತ್ತರಿಸಬಾರದು, ಬಣ್ಣವಿಲ್ಲದ ಕಡೆಯಿಂದಲೇ ಕತ್ತರಿಸುತ್ತಾ ಬರಬೇಕು. ಯಾವ ಫಿಟ್ಟರನ್ನು ಕೇಳಿದರೂ ಹೇಳುತ್ತಾನೆ. ಅವತ್ತು ಕೆಂಪು ತುದಿ ಕೈಗೆ ಹತ್ತಿರ ಇತ್ತು. ಹ್ಯಾಕ್ಸಾ ಹಾಕಿದೆ. ಉಳಿದ ರಾಡ್ ಬೋಳು. ಅದರ ಪಕ್ಕದಲ್ಲೇ ಅದೇ ಅಳತೆಯ ಬ್ರೈಟ್ ಬಾರ್, ಅಂದರೆ ಮಾಮೂಲಿ ಮೈಲ್ಡ್ ಸ್ಟೀಲ್. ಅದೂ ಬೋಳು, ಅದೂ ಫಳಫಳ. ಆಮೇಲೆ ಕಳಿಸಬೇಕಾದಾಗ ಹೊಳೆಯೋದನ್ನು ಒಂದು ಎಳೆದುಕೊಂಡೆ, ‘ಸಿಲ್ವರ್ ಸ್ಟೀಲ್’ ಅಂತ ಚೀಟಿ ಬರೆದು ಅಂಟಿಸಿದೆ.

ರಾಡನ್ನು ಗ್ರೈಂಡರಿಗೆ, ಅಂದರೆ ಸಾಣೆ ಚಕ್ರಕ್ಕೆ, ಒಂದು ಕ್ಷಣ ಮುಟ್ಟಿಸಿದ್ದರೆ ಸಾಕಿತ್ತು. ಸಿಲ್ವರ್ ಸ್ಟೀಲಿನಲ್ಲಿ ಕಾರ್ಬನ್ ಶೇಕಡಾ 1ರ ಆಸುಪಾಸು ಇರುತ್ತದೆ, ಕಿಡಿ ಸುರುಸುರು ಬತ್ತಿಯ ಥರ ಕವಲೊಡೆದು ಚಿಮ್ಮುತ್ತದೆ. ಮೈಲ್ಡ್ ಸ್ಟೀಲಿನ ಕಿಡಿ ಉದ್ದಕ್ಕೆ ಗೆರೆ ಎಳೆದು ಸುಮ್ನೆ ಆರಿಹೋಗುತ್ತದೆ. ಇನ್ನೂ ಅನುಮಾನ ಇದ್ದರೆ ಒಂದು ಚೂರು ಕತ್ತರಿಸಿ, ಕೆಂಪಗೆ ಕಾಯಿಸಿ, ನೀರಿಗೆ ಅದ್ದಿ, ಅರ ಹಾಕಿ ನೋಡಿ. ಗಟ್ಟಿಯಾಗಿದ್ದರೆ ಅರ ಜಾರುತ್ತದೆ.

ಯಜಮಾನರು ಆ ರಾಡಿನಿಂದ ಟ್ಯಾಪ್, ಅಂದರೆ ತೂತಿನೊಳಗೆ ಥ್ರೆಡ್ ಕೊರೆಯುವ ಟೂಲು, ಮಾಡಲು ಕೂತಿದ್ದರು. ಕಾಲು ಇಂಚು, 40 ಟಿಪಿಐ (ಇಂಚಿಗೆ 40 ಥ್ರೆಡ್ಡು), ಪುಟ್ಟ ಬಾಯ್ಲರ್ ಫಿಟಿಂಗಿಗೆ ಹಾಕುವ ಸಣ್ಣ ಥ್ರೆಡ್ಡು. ಮಾಮೂಲಿ ಅಂಗಡಿಯಲ್ಲಿ ಕೇಳಿದರೆ ಸಿಗುವಂಥದ್ದಲ್ಲ. ಲೇತಿನ ಗೇರು ಬದಲಾಯಿಸಿ ಥ್ರೆಡ್ ಕತ್ತರಿಸಿದ್ದಾರೆ, ಫ್ಲೂಟ್‌ಗಳನ್ನು (ಟ್ಯಾಪಿನ ಉದ್ದಕ್ಕೂ ಇರುವ ತೋಡುಗಳನ್ನು) ಕೈಯಲ್ಲೇ ಅರ ಹಾಕಿ ತೆಗೆದಿದ್ದಾರೆ. ಲೇತಿನ ಮೇಲೆ ಸ್ವಲ್ಪ ಮೆತ್ತಗೆ ಅನಿಸಿತಂತೆ. ಬೆಂಗಳೂರಿನವರು ಬರೆದು ಕಳಿಸಿದ್ದಾರಲ್ಲ ಅಂತ ನಂಬಿದರಂತೆ. ಟ್ಯಾಪನ್ನು ಗಟ್ಟಿ ಮಾಡಲು ಕಾಯಿಸುವಾಗ, ಕಾವು ಸಾಕಾಯಿತೇ ಅಂತ ಆಯಸ್ಕಾಂತ ಹಿಡಿದು ನೋಡಿದ್ದಾರೆ. ಸುಮಾರು 770 ಡಿಗ್ರಿ ದಾಟಿದರೆ ಸ್ಟೀಲಿಗೆ ಆಯಸ್ಕಾಂತ ಅಂಟುವುದಿಲ್ಲ, ಆದರೆ ಮೈಲ್ಡ್ ಸ್ಟೀಲಿಗೂ ಅಷ್ಟೇ. ಹಾಗಾಗಿ ಅಲ್ಲೂ ಗೊತ್ತಾಗಲಿಲ್ಲ. ನೀರಿಗೆ ಅದ್ದಿದ ಮೇಲೆ ಫೋನ್ ಬಂತು: “ಅಲ್ರೀ, ಅರ ಹಚ್ಚಿದ್ರ ಬೆಣ್ಣಿಗತೆ ತಿನ್ನಾಕತ್ತೈತಿ. ಏನ್ ಕಳಿಸೀರಿ ನೀವು?”

ಸರಿಯಾದ ರಾಡನ್ನು ಮಾರನೇ ದಿನವೇ ಸ್ಪೀಡ್ ಪೋಸ್ಟ್ ಮಾಡಿದೆ. ತಲುಪಿತು ಅಂದರು, ಅಷ್ಟೇ. ಹಳೇ ವಿಟ್‌ವರ್ತ್ ಡೈ ಸೆಟ್ (ರಾಡಿನ ಮೇಲೆ ಹಳೇ ಬ್ರಿಟಿಷ್ ಅಳತೆಯ ಥ್ರೆಡ್ ಕತ್ತರಿಸುವ ಟೂಲುಗಳು) ಕೊಡುತ್ತೇನೆ ಅಂದಿದ್ದರು, ಅದು ಬರಲಿಲ್ಲ. ಕೇಳಲು ನನಗೂ ಮುಖ ಇರಲಿಲ್ಲ. ರಾಡಿನ ಬೆಲೆ ಚಿಲ್ಲರೆ ಕಾಸು, ಆದರೆ ಅವರ ಕೆಲಸಕ್ಕೆ ಏನು ಬೆಲೆ ಕಟ್ಟುತ್ತೀರಿ? ಯಾವ ಕಾಲಮ್ಮಿನಲ್ಲಿ ಬರೆಯುತ್ತೀರಿ?

ಅದಕ್ಕೇ ಹೇಳುತ್ತಿರೋದು, ನಿಮ್ಮ ತಲೆಬಿಸಿ ತಪ್ಪು ಕಡೆ ಇದೆ. ಕಳಿಸುವ ವಸ್ತು ಏನು ಅಂತ ನೀವೇ ಪರೀಕ್ಷೆ ಮಾಡಿದ್ದರೆ ಹಾಗೆ ಬರೆಯಿರಿ. ಮಾಡಿಲ್ಲವಾದರೆ ‘ಗ್ರೇಡ್ ಗೊತ್ತಿಲ್ಲ’ ಅಂತ ಬರೆಯಿರಿ. ಗೊತ್ತಿಲ್ಲದ ಸ್ಟೀಲಿಗೂ ಗಿರಾಕಿ ಇದ್ದಾರೆ, ಎರಡು ಭಾಗಗಳ ನಡುವೆ ಅಂತರಕ್ಕೆ ಇಡುವ ಸ್ಪೇಸರ್ ಮಾಡಲು ಯಾವುದಾದರೇನು? ಚೀಟಿ ನಂಬಬೇಡಿ, ಎಣ್ಣೆಗೆ ಬಿಟ್ಟುಕೊಳ್ಳುತ್ತದೆ. ಪರ್ಮನೆಂಟ್ ಮಾರ್ಕರಿನಲ್ಲಿ ಲೋಹದ ಮೇಲೇ ಬರೆಯಿರಿ, ಎರಡೂ ತುದಿಯಲ್ಲಿ.

ತೂಕದ ಲೆಕ್ಕ ಮಾತ್ರ ಹಾಕಿ. ವ್ಯಾಸವನ್ನು ಎಂಎಂನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಅಂತ ಬರುತ್ತದೆ. 8 ಎಂಎಂ ರಾಡ್ ಒಂದಡಿಗೆ ಸುಮಾರು 120 ಗ್ರಾಂ, ಆರಾಮಾಗಿ ಕಳಿಸಿ. 50 ಎಂಎಂ ಆದರೆ ಅದೇ ಒಂದಡಿ ನಾಲ್ಕೂವರೆ ಕೆಜಿ ದಾಟುತ್ತದೆ. ಅಂಥದ್ದನ್ನು ಅವರವರ ಊರಿನ ಗುಜರಿಯಲ್ಲೇ ಹುಡುಕಿಕೊಳ್ಳಲಿ.

ಪ್ಯಾಕಿಂಗ್: ರಾಡನ್ನು ರಟ್ಟಿನ ಡಬ್ಬಿಗೆ ಹಾಕಬೇಡಿ, ತುದಿ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಪಿವಿಸಿ ಪೈಪಿನ ತುಂಡು, ಎರಡೂ ಕಡೆ ಕ್ಯಾಪು. ಸಣ್ಣ ಎಂಡ್ ಮಿಲ್‌ಗಳಿಗೆ (ಮಿಲ್ಲಿಂಗಿಗೆ ಹಾಕುವ ಕಟ್ಟರ್‌ಗಳಿಗೆ) ಎಳನೀರಿನ ಸ್ಟ್ರಾ ಕತ್ತರಿಸಿ ತೊಡಿಸಿ, ಇಲ್ಲದಿದ್ದರೆ ಒಂದಕ್ಕೊಂದು ತಾಗಿ ಅಂಚು ಉದುರುತ್ತದೆ. ಬರಿಗೈಯಲ್ಲಿ ಮುಟ್ಟಿದ್ದನ್ನು ಒರೆಸಿ ತೆಳ್ಳಗೆ ಎಣ್ಣೆ ಹಚ್ಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಮಳೆಗಾಲದಲ್ಲಿ ಬರೀ ಪೇಪರ್ ಸುತ್ತಿದರೆ ಬೆರಳಚ್ಚಿನ ಜಾಗದಲ್ಲೇ ತುಕ್ಕು ಎದ್ದಿರುತ್ತದೆ. ಜೊತೆಗೆ ಸ್ಪ್ರೇ ಕ್ಯಾನ್ ಗೀನ್ ತುರುಕಬೇಡಿ, ಅಂಚೆಯಲ್ಲಿ ಅದಕ್ಕೆ ಅವಕಾಶ ಇಲ್ಲ.

ಅಂದ ಹಾಗೆ, ನಿಮ್ಮ ಲೇತಿನ ಬಲಗಡೆಯ ಟೇಲ್‌ಸ್ಟಾಕಿನ ತೂತು ಎಂಟಿ2 (ಮೋರ್ಸ್ ಟೇಪರ್ 2) ಅಳತೆಯದಾಗಿದ್ದರೆ ಹೇಳಿ. ನನ್ನ ಹತ್ತಿರ ಒಂದು ಡ್ರಿಲ್ ಚಕ್ ಆರ್ಬರ್, ಅಂದರೆ ಡ್ರಿಲ್ ಚಕ್ಕನ್ನು ಅಲ್ಲಿ ಕೂರಿಸುವ ಕಂಬಿ, ಸುಮ್ನೆ ಬಿದ್ದಿದೆ. ಟ್ಯಾಂಗ್ (ತುದಿಯ ಚಪ್ಪಟೆ ನಾಲಿಗೆ) ಸ್ವಲ್ಪ ಬಾಗಿದೆ, ಟೇಪರಿನ, ಅಂದರೆ ಕಿರಿದಾಗುತ್ತಾ ಹೋಗುವ ಭಾಗದ, ಮೇಲೆ ಒಂದು ಗೀರೂ ಇದೆ. ಬದಲಿಗೆ 7 ಎಂಎಂ ಇಆರ್20 ಕಾಲೆಟ್ (ರಾಡು, ಟೂಲನ್ನು ಸುತ್ತಲೂ ಬಿಗಿ ಹಿಡಿಯುವ ಸೀಳು ಬಳೆ) ಜಾಸ್ತಿ ಇದ್ದರೆ ಕೊಡಿ, ಇಲ್ಲದಿದ್ದರೂ ನಡೆಯುತ್ತದೆ.