ಕೀಮೋ ಆದ ಮೂರು ರಾತ್ರಿ ಕಣ್ಣೇ ಮುಚ್ಚುವುದಿಲ್ಲ

ಪ್ರಶ್ನೆ: ನನಗೆ 46 ವರ್ಷ. ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ, ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಸ್ತನ ಕ್ಯಾನ್ಸರ್‌ಗೆ 21 ದಿನಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಕೀಮೋ ತಗೊಂಡು ಬರುತ್ತೇನೆ. ಮೂರು ಆಗಿದೆ. ಪ್ರತಿ ಸಲ ಬಂದ ಮೇಲೆ ಮೂರು ರಾತ್ರಿ ನಿದ್ದೆಯೇ ಇಲ್ಲ. ಪಕ್ಕದ ಹುಳುಮನೆಯಲ್ಲಿ ಹುಳು ಸೊಪ್ಪು ತಿನ್ನುವ ಸದ್ದು ಕೇಳುತ್ತಾ ಬೆಳಗು ಮಾಡುತ್ತೇನೆ. ಹಗಲೆಲ್ಲಾ ತೂಕಡಿಕೆ. ಅತ್ತೆಯವರ ನಿದ್ದೆ ಮಾತ್ರೆ ಮನೆಯಲ್ಲಿದೆ, ತಗೊಳ್ಳಬಹುದಾ? ಇಷ್ಟು ದೊಡ್ಡ ಕಾಯಿಲೆ ಇರುವಾಗ ನಿದ್ದೆ ವಿಷಯ ಡಾಕ್ಟರಿಗೆ ಹೇಳೋಕೆ ಸಂಕೋಚ.

ಉತ್ತರ: ಅತ್ತೆಯವರ ಮಾತ್ರೆ ಮುಟ್ಟಬೇಡಿ ಅಮ್ಮ. ಅದು ಅವರ ವಯಸ್ಸಿಗೆ, ಅವರ ಕಾಯಿಲೆಗೆ ಕೊಟ್ಟದ್ದು. ನಿಮ್ಮ ಔಷಧಿಗಳ ಜೊತೆ ಅದು ಹೊಂದುತ್ತೋ ಇಲ್ಲವೋ ಅಂತ ನಿಮ್ಮ ಡಾಕ್ಟರೇ ಹೇಳಬೇಕು. ಅಶ್ವಗಂಧ, ಕಷಾಯ ಅಂತ ಯಾರಾದರೂ ಹೇಳಿದರೂ ಅಷ್ಟೇ, ಕೇಳದೆ ಬೇಡ.

ನಾನು ಚಿಕ್ಕಬಳ್ಳಾಪುರದಲ್ಲಿ ನರ್ಸ್ ಆಗಿದ್ದವಳು. ಎಷ್ಟೋ ವರ್ಷ ನೈಟ್ ಡ್ಯೂಟಿ ಮಾಡಿದೆ. ಆದರೆ ನಿಮ್ಮ ಹಾಗೆ ಕತ್ತಲಲ್ಲಿ ಸೂರು ನೋಡುತ್ತಾ ಮಲಗಿದ್ದು ನನಗೇ ಸ್ತನ ಕ್ಯಾನ್ಸರ್ ಬಂದಾಗ. ಮೈ ಸುಸ್ತಾಗಿ ಬಿದ್ದಿರುತ್ತೆ, ತಲೆ ಮಾತ್ರ ಓಡುತ್ತಲೇ ಇರುತ್ತೆ, ಅಲ್ವಾ? ನಾನು ಅದನ್ನು ಭಯ ಅಂತಲೇ ಅಂದುಕೊಂಡಿದ್ದೆ. ಎರಡನೇ ಕೀಮೋ ಆದ ಮೇಲೆ ಹಳೇ ಕ್ಯಾಲೆಂಡರ್ ಹಿಂದೆ ಬರೆಯುತ್ತಾ ಹೋದೆ: ಯಾವ ಮಾತ್ರೆ ಎಷ್ಟು ಹೊತ್ತಿಗೆ, ನಿದ್ದೆ ಎಷ್ಟು ಹೊತ್ತು. ಮೂರನೇ ಕೀಮೋ ಆದ ಮೇಲೆ ನೋಡಿದರೆ, ನಿದ್ದೆ ಕೆಟ್ಟ ರಾತ್ರಿಗಳೂ ಡೆಕ್ಸಾಮೆಥಾಸೋನ್ ನುಂಗಿದ ದಿನಗಳೂ ಒಂದೇ! ರಾತ್ರಿ ಊಟ ಆದ ಮೇಲೆ, ಎಂಟು ಗಂಟೆಗೆ ನುಂಗುತ್ತಿದ್ದೆ.

ಇದು ಸ್ಟೀರಾಯ್ಡ್. ಕೀಮೋ ಜೊತೆ ವಾಂತಿ ಆಗದಿರಲಿ, ಕೆಲವು ಔಷಧಿಗೆ ಅಲರ್ಜಿ ಆಗದಿರಲಿ ಅಂತ ಕೊಡುತ್ತಾರೆ. ಬೇಕಾದ ಮಾತ್ರೆಯೇ, ಆದರೆ ನಿದ್ದೆ ಓಡಿಸುತ್ತೆ. ನನ್ನ ಡಾಕ್ಟರನ್ನು ಕೇಳಿದೆ. ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು, ಮಧ್ಯಾಹ್ನ ಊಟ ಆದ ಕೂಡಲೇ ಇನ್ನೊಂದು ಅಂತ ಸಮಯ ಬದಲಿಸಿದರು. ಮುಂದಿನ ಸಲ ಪೂರ್ತಿ ಅಲ್ಲದಿದ್ದರೂ ನಾಲ್ಕೈದು ಗಂಟೆ ನಿದ್ದೆ ಬಂತು. ಆ ಬೆಳಿಗ್ಗೆ ನಾನು ಅತ್ತುಬಿಟ್ಟೆ.

ನಿಮ್ಮ ಚೀಟಿಯಲ್ಲೂ ಆ ಹೆಸರು ಇದೆಯಾ ನೋಡಿ. ಇದ್ದರೆ ಸಮಯ ಬದಲಿಸಬಹುದಾ ಅಂತ ಕೇಳಿ. ನೀವೇ ನಿಲ್ಲಿಸಬೇಡಿ, ಕಡಿಮೆ ಮಾಡಬೇಡಿ. ಸಂಕೋಚ ಯಾಕಮ್ಮ? ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ನೀವು ಸದ್ದಿಲ್ಲದೆ ಬಿಡುತ್ತೀರಿ, ಸೊಪ್ಪೂ ಹಾಕುವುದಿಲ್ಲ. ನಿಮ್ಮ ಮೈಗೂ ಆ ಬಿಡುವು ಬೇಡವಾ?

ಹಗಲು ತೂಕಡಿಕೆ ಬಂದರೆ ಮಧ್ಯಾಹ್ನ ಮೂರರ ಒಳಗೆ ಅರ್ಧ ಗಂಟೆ ಮಲಗಿ, ಸಾಕು. ರಾತ್ರಿ ಹೇಗೇ ಇರಲಿ, ಬೆಳಿಗ್ಗೆ ಒಂದೇ ಹೊತ್ತಿಗೆ ಎದ್ದು ಸ್ವಲ್ಪ ಹೊತ್ತು ಬೆಳಕಿನಲ್ಲಿ ಕೂತುಕೊಳ್ಳಿ. ಕಾಫಿ, ಟೀ ಮಧ್ಯಾಹ್ನದ ಮೇಲೆ ಬೇಡ. ಮಲಗಿ ಇಪ್ಪತ್ತು ನಿಮಿಷ ಆದರೂ ನಿದ್ದೆ ಬರಲಿಲ್ಲ ಅನಿಸಿದರೆ ಹಾಸಿಗೆ ಬಿಟ್ಟೇಳಿ. ಸುಮ್ನೆ ಹೊರಳಾಡಬೇಡಿ, ಗಡಿಯಾರ ನೋಡಬೇಡಿ. ಮಂದ ಬೆಳಕಲ್ಲಿ ಹೂ ಕಟ್ಟಿ, ಕಾಳು ಆರಿಸಿ, ಕಣ್ಣು ಎಳೆದಾಗ ಮಲಗಿ. ನಾನು ಅವರೆಕಾಯಿ ಸುಲಿಯುತ್ತಿದ್ದೆ.

ಹುಳುಮನೆ ಪಕ್ಕದ ಕೋಣೆ ಬೇಡ. ಹುಳು ಹಣ್ಣಾಗಿ ಗೂಡು ಕಟ್ಟುವ ವಾರ ರಾತ್ರಿಯೂ ಲೈಟು, ಓಡಾಟ. ಬೆಳೆ ಮುಗಿದ ಮೇಲೆ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಘಾಟು. ಈ ಬೆಳೆಯ ರಾತ್ರಿ ಸೊಪ್ಪು ಯಜಮಾನರೋ ಮಕ್ಕಳೋ ಹಾಕಲಿ. ಇದನ್ನು ಅವರಿಗೇ ಓದಿ ಹೇಳಿ.

ಮಕ್ಕಳ ಯೋಚನೆ, ಸಾಲದ ಯೋಚನೆ ತಲೆ ತಿನ್ನುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ. ನಂಬರ್ 14416. ದುಡ್ಡಿಲ್ಲ, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ನೋವಿನಿಂದ ಎಚ್ಚರ ಆಗುತ್ತಿದ್ದರೆ ಅದನ್ನು ಬೇರೆಯಾಗಿ ಡಾಕ್ಟರಿಗೆ ಹೇಳಿ, ಅದಕ್ಕೆ ಬೇರೆ ಔಷಧಿ ಇದೆ.

ಒಂದು ಮಾತ್ರ ಮರೆಯಬೇಡಿ. ಮನೆಯಲ್ಲಿ ಥರ್ಮಾಮೀಟರ್ ಇಟ್ಟುಕೊಳ್ಳಿ. ರಾತ್ರಿ ಮೈ ಬಿಸಿ ಆಗಿ, ಚಳಿ ಆಗಿ ಎಚ್ಚರವಾದರೆ ನೋಡಿ. 100.4 ಡಿಗ್ರಿ ಮುಟ್ಟಿದರೆ, ಥರ್ಮಾಮೀಟರ್ ಏನೇ ತೋರಿಸಲಿ ಚಳಿ ನಡುಕ ಬಂದರೆ, ಅಥವಾ ಮಲಗಿದರೆ ಉಸಿರು ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಆಸ್ಪತ್ರೆಗೆ ಫೋನ್ ಮಾಡಿ, ಆಗಲೇ ಹೊರಡಿ. ಕೀಮೋದಲ್ಲಿ ಬಿಳಿ ರಕ್ತಕಣ ಕಡಿಮೆಯಾಗಿರುತ್ತೆ, ಸೋಂಕು ಬೇಗ ಏರುತ್ತೆ.

ನಾಲ್ಕನೇ ಕೀಮೋ ಆದ ಮೇಲೆ ಆ ಮೂರು ರಾತ್ರಿ ಹೇಗೆ ಕಳೆಯಿತು ಅಂತ ನನಗೆ ಒಂದು ಸಾಲು ಬರೆಯಿರಿ. ಕಾಯುತ್ತಿರುತ್ತೇನೆ.