ಗೋಡೆ ಸರಿ, ಬಾಗಿಲು ಎಲ್ಲಿ?

ನಮಸ್ಕಾರ.

ಗಡಿ ಗೋಡೆಗಳ ಬಗ್ಗೆ, ಚರಿತ್ರೆ ಮತ್ತು ಗೇಮ್ ಎರಡನ್ನೂ ಸೇರಿಸಿ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೇ ಹಾಕಲು ಆಗುವುದಿಲ್ಲ. ಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಪತ್ರ.

ಮೊದಲು ಕತ್ತರಿ. ಚೀನಾದ ಗೋಡೆ ಚಂದ್ರನಿಂದ ಕಾಣುತ್ತದೆ ಎಂದು ಶುರು ಮಾಡಿದ್ದೀರಿ. ಕಾಣುವುದಿಲ್ಲ. ಆ ಪ್ಯಾರಾ ಪೂರ್ತಿ ತೆಗೆಯಿರಿ. ಜರ್ಮನಿಯನ್ನು ತಡೆಯಲು ಫ್ರಾನ್ಸ್ ಕಟ್ಟಿದ ಮ್ಯಾಜಿನೋ ಕೋಟೆಸಾಲನ್ನು ‘ದಡ್ಡರ ಗೋಡೆ’ ಎಂದು ಮೂರು ಸಾಲಲ್ಲಿ ಮುಗಿಸಿದ್ದೀರಿ. ಶತ್ರು ನೇರ ಬರದೆ ಬೆಲ್ಜಿಯಂ ಸುತ್ತಿ ಬರಲಿ ಎಂಬುದೇ ಅದರ ಲೆಕ್ಕಾಚಾರ. ನಡುವಿನ ಆರ್ಡೆನ್ ಕಾಡನ್ನು ದೊಡ್ಡ ಸೈನ್ಯ ಅಷ್ಟು ಬೇಗ ದಾಟಲಾರದು ಎಂದು ನಂಬಿದ್ದು 1940ರ ಮೇನಲ್ಲಿ ಮುಳುವಾಯಿತು. ಇದನ್ನು ಬಿಡಿಸಿ ಹೇಳಲು ಜಾಗ ಇಲ್ಲ ಅಂದರೆ ಸುಮ್ನೆ ಕೈಬಿಡಿ.

ಉಳಿಯುವುದು ಬ್ರಿಟನ್ನಿನಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆ. ಕ್ರಿ.ಶ. 122ರಲ್ಲಿ ಶುರು, ಸುಮಾರು 117 ಕಿ.ಮೀ. ಉದ್ದ, ಎಲ್ಲ ಸರಿ. ಆದರೆ ‘ಇರುವೆಯೂ ನುಸುಳದ ಗೋಡೆ’ ಅಂದಿರಲ್ಲ, ಅಲ್ಲೇ ಎಡವಿದಿರಿ. ಅಲ್ಲಿ ಪ್ರತಿ ರೋಮನ್ ಮೈಲಿಗೆ, ಅಂದರೆ ಹೆಚ್ಚು ಕಡಿಮೆ ಒಂದೂವರೆ ಕಿ.ಮೀ.ಗೆ, ಒಂದು ಪುಟ್ಟ ಠಾಣೆ ಇತ್ತು. ಸಾಮಾನ್ಯವಾಗಿ ಅದಕ್ಕೆ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಬಾಗಿಲು. ಯಾರನ್ನೂ ಬಿಡಬಾರದು ಅಂತಿದ್ದರೆ ಇಷ್ಟೊಂದು ಬಾಗಿಲು ಯಾಕೆ ಇಡುತ್ತಿದ್ದರು? ನಮ್ಮ ಚೆಕ್‌ಪೋಸ್ಟ್ ನೆನಪಿಸಿಕೊಳ್ಳಿ.

ಗೋಡೆ ಇದೆ, ಆದರೆ ನಿಮ್ಮ ಲೇಖನದಲ್ಲಿ ಒಬ್ಬ ಮನುಷ್ಯನೂ ಇಲ್ಲ. ರೋಮನ್ ಸೈನ್ಯದ ಸಿರಿಯಾದ ಬಿಲ್ಲುಗಾರರು ಆ ಚಳಿಯಲ್ಲಿ ಕಾವಲಿಗಿದ್ದರು. ಪೂರ್ವ ತುದಿಯ ಹತ್ತಿರ, ಸೌತ್ ಶೀಲ್ಡ್ಸ್‌ನಲ್ಲಿ ಒಂದು ಸಮಾಧಿ ಕಲ್ಲು ಸಿಕ್ಕಿದೆ. ಸಿರಿಯಾದ ಪಾಲ್ಮೈರಾ ಊರಿನ ಬರಾತೆಸ್ ಎಂಬಾತ ಹೆಂಡತಿ ರೆಜಿನಾಗೆ ಹಾಕಿಸಿದ್ದು. ಅವಳು ಬ್ರಿಟನ್ನಿನವಳು, ಮೊದಲು ಅವನ ದಾಸಿ. ಸತ್ತಾಗ 30 ವರ್ಷ. ಲ್ಯಾಟಿನ್ ಬರಹದ ಕೆಳಗೆ ಅವನ ಊರಿನ ಲಿಪಿಯಲ್ಲಿ ಒಂದೇ ಸಾಲು: ಬರಾತೆಸ್ ಬಿಡುಗಡೆ ಮಾಡಿದ ರೆಜಿನಾ, ಅಯ್ಯೋ. ಆ ‘ಅಯ್ಯೋ’ ಓದಿದ ಮೇಲೆ ‘ಗೋಡೆಯ ಒಳಗೆ ನಾಗರಿಕರು, ಹೊರಗೆ ಅನಾಗರಿಕರು’ ಎಂಬ ನಿಮ್ಮ ವಾಕ್ಯ ನಿಲ್ಲುತ್ತಾ?

ಈಗ ನಾಲ್ಕನೇ ಪುಟ. ಏಜ್ ಆಫ್ ಎಂಪೈರ್ಸ್ 2 ಎಂಬ ಕಂಪ್ಯೂಟರ್ ಗೇಮ್ ಆಡುತ್ತಾ ರಾತ್ರಿ ಎರಡು ಗಂಟೆಗೆ ನೀವು ಗಡಿಯುದ್ದಕ್ಕೂ ಗೋಡೆ ಎಬ್ಬಿಸಿದಿರಿ, ಚೌಕಕ್ಕೆ 5 ಕಲ್ಲು ಸುರಿದು. ಮಿತ್ರನ ವ್ಯಾಪಾರದ ಗಾಡಿ ಬಂತು, ಗೇಟ್ ತಾನಾಗೇ ತೆರೆದುಕೊಂಡಿತು. ಗಾಡಿಯ ಹಿಂದೆಯೇ ಶತ್ರುವಿನ ಕುದುರೆಗಳು ಒಳಗೆ! ಇದನ್ನು ‘ಒಂದು ತಮಾಷೆ’ ಅಂತ ಬ್ರ್ಯಾಕೆಟ್ಟಿನಲ್ಲಿ ತುರುಕಿದ್ದೀರಿ. ಸ್ವಾಮಿ, ನಿಮ್ಮ ಲೇಖನ ಅದೇ ಅಲ್ವಾ? ಅಲ್ಲಿಂದಲೇ ಶುರು ಮಾಡಿ. ಗೇಮಿನ ಗೇಟಿಗೆ ಬಂದವರ ಪಕ್ಷದ ಬಣ್ಣ ಗೊತ್ತಾದರೆ ಸಾಕು, ಮಿತ್ರನೋ ಶತ್ರುವೋ ತಿಳಿಯುತ್ತದೆ. ರೋಮನ್ ಠಾಣೆಯ ಸಿಪಾಯಿ ಎದುರು ನಿಂತವನ ಮುಖ, ಮೂಟೆ ನೋಡಿ ತೀರ್ಮಾನಿಸಬೇಕಿತ್ತು. ಇದರ ಮೇಲೆ ಎರಡು ಪುಟ ಬರೆದರೂ ಜಾಸ್ತಿ ಆಗಲ್ಲ.

ಅಂದ ಹಾಗೆ, ಒಳನುಗ್ಗುವ ಮಾತು ಬಂದ ಕೂಡಲೇ ಚಿತ್ರದುರ್ಗದ ಕಿಂಡಿ, ಓಬವ್ವನ ಒನಕೆ ಎಳೆದು ತರಲಿಲ್ಲ. ಅದಕ್ಕೆ ಥ್ಯಾಂಕ್ಸ್. ಅದು ಊರ ಕೋಟೆ, ಇದು ಗಡಿ.

ಅರ್ಧಕ್ಕೆ ಇಳಿಸಿ ಮತ್ತೆ ಕಳಿಸಿ. ಆ ಆಟ ಕೊನೆಗೆ ಯಾರು ಗೆದ್ದರು ಅಂತ ಬರೆದೇ ಇಲ್ಲ, ಅದನ್ನೂ ಸೇರಿಸಿ.