ಬುಲೆಟ್ ಟ್ರೈನ್ ಹಳಿ ಪಕ್ಕ ಸಿಗ್ನಲ್ ಕಂಬ ಯಾಕೆ ಇರಲ್ಲ?

ಡೊಂಬಿವಲಿಯಿಂದ ದಾದರ್‌ಗೆ ಲೋಕಲ್‌ನಲ್ಲಿ ಹೋಗುವಾಗ ಬಾಗಿಲ ಹತ್ತಿರ ನಿಂತರೆ ಹಳದಿ, ಹಸಿರು ದೀಪದ ಕಂಬಗಳು ಕಾಣುತ್ತಲೇ ಇರುತ್ತವೆ, ಅಲ್ವಾ? (ಬಾಗಿಲಲ್ಲಿ ನೇತಾಡಬೇಡಿ ಮಾರಾಯ್ರೆ.) ಆ ವೇಗಕ್ಕೆ ಅದು ಸಾಕು. ಮುಂಬಯಿ-ಅಹಮದಾಬಾದ್ ಬುಲೆಟ್ ಟ್ರೈನ್ ಗಂಟೆಗೆ 320 ಕಿ.ಮೀ. ಓಡಬೇಕು, ಅಂದರೆ ಸೆಕೆಂಡಿಗೆ ಸುಮಾರು 89 ಮೀಟರ್. ಕೆಂಪು ದೀಪ ಕಂಡ ಮೇಲೆ ಬ್ರೇಕ್ ಒತ್ತಿದರೆ ಕಥೆ ಮುಗೀತು, ಯಾಕಂದ್ರೆ ನಿಲ್ಲೋಕೆ ಕಿಲೋಮೀಟರ್‌ಗಟ್ಟಲೆ ಜಾಗ ಬೇಕು.

ಅದಕ್ಕೇ ಸಿಗ್ನಲ್ಲನ್ನೇ ಚಾಲಕನ ಕ್ಯಾಬಿನ್ ಒಳಗೆ ತಂದರು. ಜಪಾನಿನ ಬುಲೆಟ್ ಟ್ರೈನ್ ಶಿಂಕಾನ್‌ಸೆನ್ 1964ರಲ್ಲಿ ಶುರುವಾದಾಗಲೇ ಹೀಗಿತ್ತು. ಎಷ್ಟು ವೇಗದಲ್ಲಿ ಹೋಗಬಹುದು ಅನ್ನೋ ಸೂಚನೆ ಹಳಿ ಮೂಲಕ ಬರುತ್ತಿತ್ತು, ಮೀರಿದರೆ ಬ್ರೇಕ್ ತಾನೇ ಬೀಳುತ್ತಿತ್ತು. ಆದರೆ ಮೆಟ್ಟಿಲು ಇಳಿದ ಹಾಗೆ ಹಂತಹಂತವಾಗಿ ವೇಗ ಕಡಿಮೆಯಾಗಿ ಜರ್ಕ್ ಹೊಡೆಯುತ್ತಿತ್ತು. ಈಗಿನ ಡಿಜಿಟಲ್ ಪದ್ಧತಿಯಲ್ಲಿ ಎಲ್ಲಿವರೆಗೆ ಹೋಗಬಹುದು ಅಂತ ಮಾತ್ರ ತಿಳಿಸುತ್ತಾರೆ. ತಿರುವು, ಇಳಿಜಾರು, ತನ್ನ ಬ್ರೇಕಿನ ಶಕ್ತಿ ನೋಡಿ ರೈಲೇ ಲೆಕ್ಕ ಹಾಕಿಕೊಂಡು ಒಂದೇ ಸಮನೆ ನಿಧಾನವಾಗುತ್ತದೆ. ಯುರೋಪಿನ ರೈಲು ನಿಯಂತ್ರಣ ಪದ್ಧತಿಯಾದ ಇಟಿಸಿಎಸ್‌ನ ಲೆವೆಲ್ 2ರಲ್ಲೂ ಇದೇ ಉಪಾಯ, ಆದರೆ ಎಲ್ಲಿವರೆಗೆ ಹೋಗಬಹುದು ಅನ್ನೋ ಅಪ್ಪಣೆ ರೇಡಿಯೋದಲ್ಲಿ ಬರುತ್ತದೆ.

ಚಾಲಕ ಸುಮ್ನೆ ಕೂತಿರ್ತಾನಾ ಅಂದ್ರೆ, ಇಲ್ಲ. ಇಟಿಸಿಎಸ್‌ನಲ್ಲಿ ಸಾಮಾನ್ಯವಾಗಿ ಓಡಿಸೋದು ಅವನೇ, ತಪ್ಪಿದರೆ ಮಾತ್ರ ಯಂತ್ರ ಕೈ ಹಾಕುತ್ತದೆ. ಶಿಂಕಾನ್‌ಸೆನ್‌ನಲ್ಲಿ ವೇಗ ತಗ್ಗಿಸೋದು ಹೆಚ್ಚಾಗಿ ಯಂತ್ರವೇ, ಆದರೆ ವೇಗ ಏರಿಸೋದು, ನಿಲ್ದಾಣದಲ್ಲಿ ಸರಿಯಾಗಿ ನಿಲ್ಲಿಸೋದು ಚಾಲಕನೇ.